ಹೆಬ್ಬಾತು ಕಂಡರೆ ಹೆಸರಷ್ಟೇ ಬರೆಯಬೇಡಿ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ದಾಖಲೆ ಕೂಡಿಸುವ ಸಮಗ್ರ ಮಾರ್ಗದರ್ಶಿ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ. "ಬೋನಾಳ ಕೆರೆ. ಹೆಬ್ಬಾತು, 60ರ ಮೇಲೆ." ಅಷ್ಟೇ. ಡಿಸೆಂಬರ್ ಅಂತ ಇದೆ, ತಾರೀಖು ಇಲ್ಲ. ಬಹಳ ವರ್ಷ ಆದಮೇಲೆ ಗೆಳೆಯನೊಬ್ಬ ಕೇಳಿದ, "ಆ ಗುಂಪಿನಲ್ಲಿ ಬೂದು ಹೆಬ್ಬಾತು ಒಂದಾದರೂ ಇತ್ತಾ? ಅದೇ ವರ್ಷ ಹುಟ್ಟಿದ ಮರಿಗಳು ಎಷ್ಟಿದ್ದವು?" ನನಗೆ ಗೊತ್ತಿಲ್ಲ. ಅವತ್ತು ಅರ್ಧ ದಿನ ಕೆರೆ ಏರಿಯ ಮೇಲೆ ಕೂತು ನೋಡಿದ್ದೆ. ಕಣ್ಣಿಗೆ ಕಂಡಿದ್ದು ಪುಸ್ತಕಕ್ಕೆ ಇಳಿಯಲಿಲ್ಲ. ಅದನ್ನು ಈಗ ಯಾರೂ ತಂದುಕೊಡಲಾರರು.

ಇದು ನನ್ನೊಬ್ಬನ ಕಥೆ ಅಲ್ಲ. 2004ರಲ್ಲಿ ಉತ್ತರ ಅಮೆರಿಕದ ಪಕ್ಷಿ ವೀಕ್ಷಕರಿಗೆಲ್ಲ ಇದೇ ಪ್ರಶ್ನೆ ಎದುರಾಯಿತು. ಅಲ್ಲಿಯವರೆಗೆ ಕೆನಡಾ ಹೆಬ್ಬಾತು ಅಂದರೆ ಒಂದೇ ಜಾತಿ. ಅದರಲ್ಲಿ ದೊಡ್ಡ ಬಗೆಗಳಿದ್ದವು, ಚಿಕ್ಕ ಬಗೆಗಳೂ ಇದ್ದವು. ಆ ವರ್ಷ ಅಮೆರಿಕದ ಪಕ್ಷಿಶಾಸ್ತ್ರಜ್ಞರ ಒಕ್ಕೂಟ ಚಿಕ್ಕ ಬಗೆಗಳನ್ನು ಬೇರೆ ಮಾಡಿ ಕ್ಯಾಕ್ಲಿಂಗ್ ಗೂಸ್ ಎಂಬ ಹೊಸ ಜಾತಿ ಎಂದು ಒಪ್ಪಿಕೊಂಡಿತು. ಹಕ್ಕಿ ಹೊಸದಲ್ಲ, ಹೆಸರು ಹೊಸದು. ಆದರೆ ಹಳೆಯ ಪುಸ್ತಕಗಳಲ್ಲಿದ್ದ "ಕೆನಡಾ ಹೆಬ್ಬಾತು, 200" ಎಂಬ ಸಾಲುಗಳನ್ನು ಈಗ ಯಾವ ಲೆಕ್ಕಕ್ಕೆ ಸೇರಿಸಬೇಕು? "ಚಿಕ್ಕದು, ಕುತ್ತಿಗೆ ಗಿಡ್ಡ, ಕೊಕ್ಕು ಮೊಂಡು" ಎಂದು ಬರೆದವರ ದಾಖಲೆ ಉಳಿಯಿತು. ಬರೀ ಹೆಸರು ಬರೆದವರದ್ದು ನಡುವೆಯೇ ನಿಂತಿತು. 2007ರಲ್ಲಿ ಬೀನ್ ಗೂಸ್ ಎಂಬ ಹೆಬ್ಬಾತನ್ನೂ ಹೀಗೆ ಎರಡು ಮಾಡಿದರು, ಟೈಗಾ ಒಂದು, ಟಂಡ್ರಾ ಒಂದು.

ಆ ಹಕ್ಕಿಗಳು ನಮ್ಮ ಕಡೆಯವಲ್ಲ. ನಮ್ಮ ಕಡೆ ಬರುವುದು ಪಟ್ಟೆತಲೆ ಹೆಬ್ಬಾತು. ಆದರೆ ಕೆಲಸದ ರೀತಿ ಎಲ್ಲ ಕಡೆಯೂ ಒಂದೇ. ಹೆಸರನ್ನು ನಾಳೆ ಯಾರೋ ಬದಲಿಸಬಹುದು. ನೀವು ಕಂಡಿದ್ದನ್ನು ಬದಲಿಸಲು ಆಗುವುದಿಲ್ಲ. ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಕಂಡಿದ್ದನ್ನು ಬರೆಯಿರಿ, ಹೆಸರು ಆಮೇಲೆ.

ಮೊದಲು ಗೆರೆ ಹಾಕಿಕೊಳ್ಳಿ

ಮೂರು ಜಿಲ್ಲೆಯನ್ನೂ ಒಂದೇ ಸಲ ಹಿಡಿಯಲು ಹೋಗಬೇಡಿ. ಒಂದು ತಾಲೂಕಿನಿಂದ ಶುರು ಮಾಡಿ. ಸುರಪುರ ತಾಲೂಕಿನವರಿಗೆ ಬೋನಾಳ ಇದೆ. ನಾರಾಯಣಪುರದ ಹಿನ್ನೀರೂ ದೂರವಲ್ಲ. ಬೀದರಿನವರಿಗೆ ಕಾರಂಜಾ ಇದೆ. ಕಲಬುರಗಿಯವರಿಗೆ ಬೆಣ್ಣೆತೊರಾ, ಚಿಂಚೋಳಿ ಕಡೆ ಚಂದ್ರಂಪಳ್ಳಿ. ಇವು ದೊಡ್ಡ ಹೆಸರಿನ ಕೆರೆ, ಡ್ಯಾಮುಗಳು. ಹೆಸರೇ ಇಲ್ಲದ ಊರ ಕೆರೆಗಳಲ್ಲೂ ಹಕ್ಕಿ ಇಳಿಯುತ್ತದೆ, ಅಂಥ ಕೆರೆಗಳ ದಾಖಲೆಯೇ ನಮ್ಮಲ್ಲಿ ಕಡಿಮೆ.

ಕಾಲ ಸುಲಭ. ಹೆಬ್ಬಾತು ಚಳಿಗಾಲದ ಅತಿಥಿ. ಟಿಬೆಟ್, ಮಂಗೋಲಿಯಾ, ಲಡಾಖಿನ ಎತ್ತರದ ಸರೋವರಗಳ ಹತ್ತಿರ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ ಕೆಲವು ಹಕ್ಕಿಗಳು 7,000 ಮೀಟರಿಗಿಂತ ಮೇಲೆ ಹಾರಿದ್ದು ಗೊತ್ತಾಗಿದೆ. ನಮ್ಮಲ್ಲಿ ನವೆಂಬರಿನಿಂದ ಮಾರ್ಚ್ ತನಕ ನೋಡಿ. ಮೊದಲ ಹಕ್ಕಿ ಬಂದ ದಿನ ಮತ್ತು ಕೊನೆಯ ಹಕ್ಕಿ ಹೋದ ದಿನ ಎರಡಕ್ಕೂ ಬೆಲೆ ಜಾಸ್ತಿ. ನಡುವಿನ ಜನವರಿಯಲ್ಲಿ ಎಲ್ಲರೂ ನೋಡುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ಕೆರೆಗೆ ಹೋಗಿ "ಇನ್ನೂ ಬಂದಿಲ್ಲ" ಎಂದು ಬರೆಯುವವರು ಕಡಿಮೆ. ಆ "ಬಂದಿಲ್ಲ" ಕೂಡ ದಾಖಲೆಯೇ. ಸೊನ್ನೆ ಬರೆಯಲು ಹಿಂಜರಿಯಬೇಡಿ.

ಗುರುತು

ಬೆಳೆದ ಪಟ್ಟೆತಲೆ ಹೆಬ್ಬಾತಿಗೆ ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮೈ ತಿಳಿ ಬೂದು. ಕೊಕ್ಕು, ಕಾಲು ಹಳದಿ ಕಿತ್ತಳೆ, ಕೊಕ್ಕಿನ ತುದಿ ಕಪ್ಪು. ಕುತ್ತಿಗೆಯ ಬದಿಯಲ್ಲಿ ಮೇಲಿಂದ ಕೆಳಗೆ ಇಳಿಯುವ ಬಿಳಿ ಗೆರೆ ದೂರದಿಂದಲೂ ಕಾಣುತ್ತದೆ.

ಎಡವುವುದು ಮರಿಗಳ ವಿಷಯದಲ್ಲಿ. ಅದೇ ವರ್ಷ ಹುಟ್ಟಿ ಮೊದಲ ಸಲ ಬಂದ ಹಕ್ಕಿಗೆ ಆ ಎರಡು ಪಟ್ಟೆ ಇರುವುದಿಲ್ಲ. ನೆತ್ತಿ ಮತ್ತು ಕುತ್ತಿಗೆಯ ಹಿಂಭಾಗ ಕಂದು, ಮುಖ ಬಿಳಿ. ಹೊಸಬರು ಇದನ್ನು ಬೇರೆ ಜಾತಿ ಅಂದುಕೊಳ್ಳುತ್ತಾರೆ. ಹಾಗೆ ಅನಿಸಿದರೆ ತಪ್ಪಿಲ್ಲ, ಆದರೆ "ಪಟ್ಟೆ ಇಲ್ಲ, ನೆತ್ತಿ ಕಂದು, ಪಕ್ಕದಲ್ಲಿ ಪಟ್ಟೆ ಇರುವ ಎರಡು ದೊಡ್ಡವು" ಅಂತ ಬರೆದುಬಿಡಿ. ಓದಿದವರಿಗೆ ಅರ್ಥ ಆಗುತ್ತದೆ. ಮರಿಗಳನ್ನು ಬೇರೆ ಎಣಿಸಿದರೆ ಆ ವರ್ಷ ಅಲ್ಲಿ, ದೂರದ ಸರೋವರದಲ್ಲಿ, ಎಷ್ಟು ಮರಿ ಉಳಿದವು ಎಂಬ ಸುಳಿವೂ ಸಿಗುತ್ತದೆ. ನಮ್ಮ ಕೆರೆ ಏರಿಯ ಮೇಲೆ ನಿಂತು ಟಿಬೆಟ್ಟಿನ ಸುದ್ದಿ ತಿಳಿಯುವುದು ಅಂದರೆ ಇದೇ ನೋಡಿ.

ಬೂದು ಹೆಬ್ಬಾತಿಗೆ ತಲೆಯ ಮೇಲೆ ಯಾವ ಗುರುತೂ ಇಲ್ಲ, ಮೈ ದಪ್ಪ, ನಮ್ಮ ದೇಶಕ್ಕೆ ಬರುವುದರ ಕೊಕ್ಕು ಮತ್ತು ಕಾಲು ಗುಲಾಬಿ. ಉತ್ತರ ಭಾರತದಲ್ಲಿ ಸಾಮಾನ್ಯ, ದಕ್ಷಿಣಕ್ಕೆ ಅಪರೂಪ. ಅದಕ್ಕೇ ಗುಂಪಿನ ಪ್ರತಿ ತಲೆಯನ್ನೂ ಒಂದು ಸಲ ನೋಡಿ. ಇದರಲ್ಲೂ ಪಶ್ಚಿಮದ್ದಕ್ಕೆ ಕಿತ್ತಳೆ ಕೊಕ್ಕು, ಪೂರ್ವದ್ದಕ್ಕೆ ಗುಲಾಬಿ ಕೊಕ್ಕು ಎಂಬ ಭೇದ ಇದೆ. ಇಂದು ಎರಡೂ ಒಂದೇ ಜಾತಿ. ನಾಳೆ ಏನೋ, ಕೊಕ್ಕಿನ ಬಣ್ಣ ಬರೆದಿಡಿ. ಸಾಕಿದ ಹೆಬ್ಬಾತೂ ಕೆರೆಗೆ ಇಳಿದಿರುತ್ತದೆ, ಅದರ ಹೊಟ್ಟೆ ಜೋತು ಬಿದ್ದಿರುತ್ತದೆ, ಜನ ಕಂಡರೆ ಓಡುವುದಿಲ್ಲ.

ಹಾರುವಾಗ ಕೊಕ್ಕರೆ ಜಾತಿಯ ದೊಡ್ಡ ಹಕ್ಕಿಗಳ ಸಾಲನ್ನು ಹೆಬ್ಬಾತು ಅಂದುಕೊಳ್ಳುವವರಿದ್ದಾರೆ. ಕಾಲು ಬಾಲದ ಹಿಂದೆ ಉದ್ದಕ್ಕೆ ಚಾಚಿದ್ದರೆ ಅದು ಹೆಬ್ಬಾತಲ್ಲ.

ಎಣಿಸುವುದು

ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದವು ಎಂದು ಕಣ್ಣಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಹತ್ತು ಹತ್ತಾಗಿ ಮುಂದೆ ಹೋಗಿ. ಒಂದು ಸಲ ಎಡದಿಂದ, ಇನ್ನೊಂದು ಸಲ ಬಲದಿಂದ. ಎರಡು ಲೆಕ್ಕ ಹತ್ತಿರ ಬಂದರೆ ಸರಿ, ಇಲ್ಲವಾದರೆ ಎರಡೂ ಬರೆಯಿರಿ: "140, 155". ಸರಾಸರಿ ಮಾಡಿ ಒಂದೇ ಅಂಕಿ ಬರೆಯಬೇಡಿ.

ಹಗಲಲ್ಲಿ ಹಕ್ಕಿ ಕೆರೆ ಅಂಚಿನಲ್ಲಿ ಮಲಗಿರುತ್ತದೆ, ಒಂದರ ಹಿಂದೆ ಒಂದು ಮರೆಯಾಗುತ್ತದೆ. ಮೇಯಲು ಹೊಲಕ್ಕೆ ಹೋಗುವಾಗ ಅಥವಾ ಮರಳುವಾಗ ಆಕಾಶದಲ್ಲಿ ಸಾಲಾಗಿ ಸಿಗುತ್ತದೆ. ಆಗ ಎಣಿಸುವುದು ಸುಲಭ. ಯಾವ ದಿಕ್ಕಿಗೆ ಹೋದವು ಎಂಬುದೂ ಬರಲಿ. ಪಕ್ಕದ ಕೆರೆಯಲ್ಲಿ ಇನ್ನೊಬ್ಬರು ಅದೇ ಗುಂಪನ್ನು ಮತ್ತೆ ಎಣಿಸಿದರೆ ಲೆಕ್ಕ ಎರಡು ಪಟ್ಟು ಆಗುತ್ತದೆ, ದಿಕ್ಕು ಮತ್ತು ಸಮಯ ಇದ್ದರೆ ಅದು ಗೊತ್ತಾಗುತ್ತದೆ. ಇಬ್ಬರು ಮೂವರು ಇದ್ದರೆ ಒಂದೇ ಬೆಳಿಗ್ಗೆ ಬೇರೆ ಬೇರೆ ಕೆರೆಗೆ ಹೋಗಿ.

ಎಬ್ಬಿಸಿ ಎಣಿಸಬೇಡಿ. ತಲೆ ಎತ್ತಿ ನಿಮ್ಮ ಕಡೆ ನೋಡತೊಡಗಿದರೆ ಅಲ್ಲೇ ನಿಲ್ಲಿ.

ಕುತ್ತಿಗೆಗೆ ಬಣ್ಣದ ಪಟ್ಟಿ ಕಟ್ಟಿದ ಹಕ್ಕಿ ಕಂಡರೆ ಉಳಿದ ಎಣಿಕೆ ಬಿಟ್ಟು ಮೊದಲು ಅದನ್ನು ನೋಡಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಗುರುತಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ, ಅಂಕಿ ಎಲ್ಲ ಬರೆಯಿರಿ. ಒಂದು ಅಂಕಿ ಕಾಣಲಿಲ್ಲವಾದರೆ ಆ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಪಟ್ಟಿ ಮಾಡುವುದು

ಕಂಪ್ಯೂಟರಿನಲ್ಲಿ ಮಾಡಿ, ಇಲ್ಲವೇ ಉದ್ದ ರಿಜಿಸ್ಟರಿನಲ್ಲಿ ಮಾಡಿ. ಖಾನೆಗಳು ಇವು: ತಾರೀಖು, ಹೊತ್ತು, ಜಾಗ, ಎಷ್ಟು ಹಕ್ಕಿ, ಅದರಲ್ಲಿ ಮರಿ ಎಷ್ಟು, ತಲೆ, ಕೊಕ್ಕು, ಕಾಲು ಹೇಗಿತ್ತು, ಏನು ಮಾಡುತ್ತಿದ್ದವು, ಯಾರು ನೋಡಿದ್ದು, ಎಷ್ಟು ದೂರದಿಂದ, ಸಾಕ್ಷಿ ಏನು. ಇವು ಯಾರಿಗಾದರೂ ಹೊಳೆಯುತ್ತವೆ.

ಹೊಳೆಯದೇ ಇರುವುದು ಎರಡು ಜೋಡಿ ಖಾನೆ. ಒಂದು ಜೋಡಿ ಹಕ್ಕಿಯ ಹೆಸರಿಗೆ. "ಮೂಲದಲ್ಲಿ ಇದ್ದ ಹೆಸರು" ಮತ್ತು "ಈಗ ನಾವು ಇಟ್ಟ ಹೆಸರು". ಹೇಳಿದವರು "ಹಂಸ" ಅಂದರೆ ಮೊದಲ ಖಾನೆಯಲ್ಲಿ "ಹಂಸ" ಅಂತಲೇ ಇರಬೇಕು. ನಾವು ಅದನ್ನು ಪಟ್ಟೆತಲೆ ಹೆಬ್ಬಾತು ಎಂದು ತೀರ್ಮಾನಿಸಿದ್ದು ಎರಡನೇ ಖಾನೆ. ನಾಳೆ ನಮ್ಮ ತೀರ್ಮಾನ ತಪ್ಪು ಅನಿಸಿದರೆ ಎರಡನೆಯದನ್ನು ಮಾತ್ರ ತಿದ್ದುತ್ತೇವೆ. ಮೊದಲನೆಯದನ್ನು ಎಂದೂ ಮುಟ್ಟಬಾರದು. ಇಡೀ ಕೆಲಸದಲ್ಲಿ ಒಂದೇ ನಿಯಮ ಪಾಲಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ಜೋಡಿ ಊರಿನ ಹೆಸರಿಗೆ. ನಮ್ಮ ಕಡೆ ಇದು ಬಹಳ ಮುಖ್ಯ. ಗುಲ್ಬರ್ಗ ಕಲಬುರಗಿ ಆಗಿದ್ದು 2014ರಲ್ಲಿ. ಯಾದಗಿರಿ ಮೊದಲು ಗುಲ್ಬರ್ಗ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಹಳೆಯ ದಾಖಲೆಯಲ್ಲಿ "ಗುಲ್ಬರ್ಗ ಜಿಲ್ಲೆ" ಅಂತ ಇದ್ದರೆ ಅದು ಇಂದಿನ ಯಾದಗಿರಿಯ ಕೆರೆಯೂ ಆಗಿರಬಹುದು. ಸುರಪುರವನ್ನು ಶೋರಾಪುರ ಎಂದು ಬರೆದವರು ಎಷ್ಟೋ ಜನ. ನಾರಾಯಣಪುರ ಡ್ಯಾಮನ್ನೇ ಬಸವಸಾಗರ ಅಂತಲೂ ಕರೆಯುತ್ತಾರೆ. ಕಲಬುರಗಿಯ ಶರಣಬಸವೇಶ್ವರ ಕೆರೆಯನ್ನು ಊರವರು ಅಪ್ಪನ ಕೆರೆ ಅನ್ನುತ್ತಾರೆ. ಒಂದೇ ಕೆರೆ ಪಟ್ಟಿಯಲ್ಲಿ ಎರಡು ಕೆರೆ ಆಗಬಾರದು, ಅಲ್ವಾ? ಮೂಲದ ಊರ ಹೆಸರು ಒಂದು ಖಾನೆ, ಇಂದಿನ ಹೆಸರು, ತಾಲೂಕು, ಜಿಲ್ಲೆ, ಮ್ಯಾಪಿನ ಬಿಂದು ಇನ್ನೊಂದು ಕಡೆ.

ಹಳೆಯ ಬರಹ ಹುಡುಕುವುದು

ಈ ಮೂರೂ ಜಿಲ್ಲೆಯ ನೆಲ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ "ಕರ್ನಾಟಕದ ಪಕ್ಷಿಗಳು" ಎಂದು ಹುಡುಕಿದರೆ ಹಳೆಯದು ಸಿಗುವುದಿಲ್ಲ. "ಹೈದರಾಬಾದ್" ಎಂದು ಹುಡುಕಬೇಕು. ಸಲೀಂ ಅಲಿಯವರು 1930ರ ದಶಕದ ಶುರುವಿನಲ್ಲಿ ಹೈದರಾಬಾದ್ ರಾಜ್ಯದ ಪಕ್ಷಿ ಸಮೀಕ್ಷೆ ಮಾಡಿದ್ದರು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ 1933 ಮತ್ತು 1934ರಲ್ಲಿ ಕಂತುಗಳಾಗಿ ಬಂತು. ಆ ಜರ್ನಲ್‌ನ ಹಳೆಯ ಸಂಚಿಕೆಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಹಣ ಕೊಡದೆ ಓದಲು ಸಿಗುತ್ತವೆ.

ಹುಡುಕುವಾಗ ಒಂದೇ ಹೆಸರು ಹಾಕಿ ಸುಮ್ನೆ ಕೂರಬೇಡಿ. ನಮ್ಮ ಹೆಬ್ಬಾತಿಗೆ 1790ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಲೇಥಮ್ ಇಟ್ಟ ವೈಜ್ಞಾನಿಕ ಹೆಸರು ಅನಾಸ್ ಇಂಡಿಕಾ. ಈಗ ಅದು ಆನ್ಸರ್ ಇಂಡಿಕಸ್. ಊರ ಹೆಸರಿಗೂ ಎಲ್ಲ ಕಾಗುಣಿತ ಹಾಕಿ ನೋಡಿ. ನಿಜಾಮರ ಕಾಲದ ಕಾಗದ ಪತ್ರ ಉರ್ದುವಿನಲ್ಲಿ ಇರುತ್ತವೆ. ಉರ್ದುವಿನಲ್ಲಿ ಹೆಬ್ಬಾತಿಗೆ ಕಾಜ್ ಅನ್ನುತ್ತಾರೆ. ವರ್ಷ ಫಸಲಿ ಲೆಕ್ಕದಲ್ಲಿದ್ದರೆ (ಆಗಿನ ಕಂದಾಯ ವರ್ಷ) 590 ಸೇರಿಸಿ, ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ. ಫಸಲಿ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಚಳಿಗಾಲದ ಹಕ್ಕಿಗೆ ಇದರಿಂದ ಒಂದು ವರ್ಷ ಆಚೀಚೆ ಆಗುತ್ತದೆ, ಅದನ್ನು ಪಕ್ಕದಲ್ಲಿ ಗುರುತು ಮಾಡಿ.

ಜನರನ್ನು ಕೇಳುವುದು

ನನಗೆ ಬಹಳ ಇಷ್ಟವಾದ ಕೆಲಸ ಇದು. ನಮ್ಮಲ್ಲಿ ಬರೆದಿಟ್ಟವರು ಕಡಿಮೆ, ನೋಡಿದವರು ಸಾವಿರಾರು ಜನ. ಕುರಿ ಕಾಯುವವರು, ಮೀನು ಹಿಡಿಯುವವರು, ಕೆರೆ ಕೆಳಗೆ ಹೊಲ ಇರುವವರು, ನೀರು ಬಿಡುವ ಕೆಲಸದವರು.

ಹೋಗಲು ಒಳ್ಳೆಯ ದಿನ ಎಳ್ಳಮಾವಾಸ್ಯೆ. ಅವತ್ತು ನಮ್ಮ ಮೂರೂ ಜಿಲ್ಲೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಹೆಬ್ಬಾತೂ ಇರುವ ಕಾಲ ಅದು. ಭಜ್ಜಿ, ಸಜ್ಜೆ ರೊಟ್ಟಿ ತಿನ್ನುತ್ತಾ ಕೂತವರಿಗೆ ಅವಸರ ಇರುವುದಿಲ್ಲ. ಕರೆದು ಕೂರಿಸಿ ಬಡಿಸುತ್ತಾರೆ, ಮಾತು ತಾನಾಗಿ ಬರುತ್ತದೆ.

ಮೊದಲು ಚಿತ್ರ ತೋರಿಸಬೇಡಿ. ಚಿತ್ರ ತೋರಿಸಿ "ಇದೇ ಬಂದಿತ್ತಾ?" ಅಂದರೆ, ಮನೆಗೆ ಬಂದವರಿಗೆ ಇಲ್ಲ ಅನ್ನಬಾರದು ಎಂದು "ಹೌದ್ರಿ" ಅಂದುಬಿಡುತ್ತಾರೆ. ಹೆಸರನ್ನೂ ನೀವಾಗಿ ಹೇಳಬೇಡಿ. ರಾಜಹಂಸ ಅಂದರೆ ಕೆಲವರಿಗೆ ಹೆಬ್ಬಾತು, ಕೆಲವರಿಗೆ ಉದ್ದ ಕಾಲಿನ ಗುಲಾಬಿ ಫ್ಲೆಮಿಂಗೋ. ಬಾತು ಅಂದರೆ ಕೆರೆಯ ಎಲ್ಲ ಹಕ್ಕಿಯೂ ಆಗಬಹುದು. ಮಾತು ಹೀಗೆ ಹೋಗಲಿ:

"ಕಾಕಾ, ಚಳಿಗಾಲದಾಗ ಈ ಕೆರಿಗಿ ಹೊರಗಿನ ಹಕ್ಕಿ ಏನರ ಬರ್ತಾವೇನ್ರಿ?"

"ಬರ್ತಾವಲ್ಲ, ದೊಡ್ಡ ಬಾತು. ಕಡ್ಲಿ ಹೊಲಕ್ಕ ಬೀಳ್ತಾವ."

"ತಲಿ ಹ್ಯಾಂಗ ಇರ್ತದ್ರಿ ಅದರದು?"

"ಬೆಳ್ಳಗ. ಹಿಂದ ಕರಿ ಗೆರಿ ಎಳದಂಗ ಅವ ನೋಡು, ಎರಡು."

ಇಲ್ಲಿಗೆ ಬಂದಾಗ ಮಾತ್ರ ಚಿತ್ರ ತೆಗೆಯಿರಿ. ಒಂದಲ್ಲ, ಐದಾರು. ಹೆಬ್ಬಾತು, ಬೂದು ಹೆಬ್ಬಾತು, ಫ್ಲೆಮಿಂಗೋ, ಕೊಕ್ಕರೆ, ಸಾಕಿದ ಬಾತು ಎಲ್ಲ ಕಲೆಸಿ ಇಡಿ. ಅವರೇ ಆರಿಸಲಿ.

ಇಸವಿ ಕೇಳಬೇಡಿ, ಹಬ್ಬ ಕೇಳಿ. "ಮೊದಲ ಹಕ್ಕಿ ಬಂದಾಗ ದೀಪಾವಳಿ ಆಗಿತ್ತೇನ್ರಿ? ಶರಣಬಸಪ್ಪನ ಜಾತ್ರಿಗಿ ಇನ್ನೂ ಇದ್ದುವೇನ್ರಿ?" ವರ್ಷಕ್ಕೆ ಮನೆಯ ಘಟನೆ ಹಿಡಿಯಿರಿ. ಮಗಳ ಮದುವೆ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಮೊದಲ ಬೋರ್ ಹಾಕಿಸಿದ ವರ್ಷ. ಪಂಚಾಂಗ ನೋಡಿ ಆಮೇಲೆ ತಾರೀಖು ಹತ್ತಿರಕ್ಕೆ ತರಬಹುದು. ಖಚಿತ ಇಲ್ಲದಿದ್ದರೆ "1990 ಮತ್ತು 1995ರ ನಡುವೆ" ಎಂದು ಬರೆದರೆ ಸಾಕು.

ಬೆಳೆ ತಿಂದ ಕೋಪ ಇದ್ದರೆ ಅದನ್ನೂ ಕೇಳಿಸಿಕೊಳ್ಳಿ. ಕಡಲೆ ಎಲೆ ಕಿತ್ತ ಹಕ್ಕಿಯ ಬಗ್ಗೆ ರೈತನಿಗೆ ನಮಗಿರುವಷ್ಟು ಪ್ರೀತಿ ಇರಲೇಬೇಕು ಅಂತ ಏನಿಲ್ಲ. ಯಾವ ಹೊಲ, ಯಾವ ಬೆಳೆ, ಎಷ್ಟು ದಿನ, ಇದೆಲ್ಲ ದಾಖಲೆಗೆ ಬೇಕಾದ್ದೇ. ಹಿಂದೆ ಶಿಕಾರಿ ಮಾಡಿದ್ದನ್ನು ಹಿರಿಯರು ಹೇಳಿದರೆ ಹೇಳಲು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಅದು ಅಪರಾಧ, ಆದರೆ ಕಾಯ್ದೆಗೆ ಮುಂಚಿನ ನೆನಪು ಬೆಲೆಯುಳ್ಳದ್ದು. ಹೇಳಿದವರ ಹೆಸರನ್ನು ಹೊರಗೆ ಹಾಕಬೇಡಿ. ಊರು ಮತ್ತು ವಯಸ್ಸು ಸಾಕು.

ಫೋಟೋ

ಹುಡುಗರ ಮೊಬೈಲಿನಲ್ಲಿ ಎಷ್ಟೋ ದಾಖಲೆ ಮಲಗಿದೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ರೀತಿ ಕಳಿಸಿದರೆ ಫೋಟೋ ಚಿಕ್ಕದಾಗುತ್ತದೆ, ಅದರೊಳಗಿನ ತಾರೀಖು ಮತ್ತು ಜಾಗದ ಮಾಹಿತಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಸುಕಾದ ಫೋಟೋ ಎಸೆಯಬೇಡಿ, ಎರಡು ಪಟ್ಟೆ ಕಂಡರೆ ಸಾಕು. ಫಾರ್ವರ್ಡ್ ಆಗಿ ಬಂದ ಫೋಟೋ ಬೇಡ. ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತು ಬಹಳ ಹೆಸರುವಾಸಿ, ಆ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿಯ ಫೋಟೋವೇ "ನಮ್ಮೂರ ಕೆರೆ" ಎಂಬ ಹೆಸರಿನಲ್ಲಿ ಬರಬಹುದು. ತೆಗೆದವರ ಹತ್ತಿರವೇ ಮಾತಾಡಿ.

ತೂಗಿ ನೋಡುವುದು, ಕಳಿಸುವುದು

ಪ್ರತಿ ಸಾಲಿಗೂ ಒಂದು ಅಕ್ಷರ ಹಾಕಿ. ಫೋಟೋ, ಕುತ್ತಿಗೆ ಪಟ್ಟಿಯ ಅಂಕಿ ಅಥವಾ ನೋಡಿದ ದಿನವೇ ಬರೆದ ಪೂರ್ತಿ ವಿವರ ಇದ್ದರೆ "ಅ". ವಿವರ ನೆನಪಿನಿಂದ ಬಂದಿದ್ದರೂ ತಲೆಯ ಪಟ್ಟೆಯಂಥ ಗುರುತು ಇದ್ದರೆ "ಆ". ಬರೀ ಹೆಸರಿದ್ದರೆ "ಇ". ನನ್ನ ಬೋನಾಳದ ಆ 60 ಹಕ್ಕಿ "ಇ" ಖಾನೆಯಲ್ಲಿ ಕೂತಿವೆ. "ಇ" ಅಂದರೆ ಸುಳ್ಳು ಅಂತಲ್ಲ, ಆದ್ದರಿಂದ ಅಳಿಸಬೇಡಿ. ಇನ್ನೊಂದು ಕಡೆಯಿಂದ ಸಾಕ್ಷಿ ಬಂದಾಗ ಮೇಲೆ ಬರುತ್ತದೆ.

ಹೊಸದಾಗಿ ನೋಡಿದ್ದನ್ನು ಹಕ್ಕಿ ದಾಖಲೆ ಕೂಡಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಹಾಕಿ. ಹಳೆಯ ತಾರೀಖಿನ ಪಟ್ಟಿಯನ್ನೂ ಅದು ತೆಗೆದುಕೊಳ್ಳುತ್ತದೆ. ವಿವರ ಬರೆಯುವ ಜಾಗವನ್ನು ಖಾಲಿ ಬಿಡಬೇಡಿ. ಒಂದು ಜಾತಿ ಎರಡಾದಾಗ, ಎರಡೂ ಇರುವ ಪ್ರದೇಶದ ವಿವರವಿಲ್ಲದ ದಾಖಲೆಗಳನ್ನು ಅಲ್ಲಿ "ಇದೋ ಅದೋ" ಎಂಬ ಜೋಡಿ ಹೆಸರಿನಡಿ ಇಡುತ್ತಾರೆ. ಕ್ಯಾಕ್ಲಿಂಗ್ ಮತ್ತು ಕೆನಡಾ ಹೆಬ್ಬಾತಿಗೂ ಹಾಗೊಂದು ಜೋಡಿ ಹೆಸರಿದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ಇದೆ. ನಿಮ್ಮ ಊರ ಕೆರೆಯನ್ನೂ ಅದಕ್ಕೆ ಸೇರಿಸಿ.

ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿ ಸತ್ತವು, ಅದರಲ್ಲಿ ಪಟ್ಟೆತಲೆ ಹೆಬ್ಬಾತೇ ಹೆಚ್ಚು. ದೂರದಿಂದ ಫೋಟೋ ತೆಗೆದು ಪಶುವೈದ್ಯರಿಗೆ, ಅರಣ್ಯ ಇಲಾಖೆಗೆ ತಿಳಿಸಿ.

ಪಟ್ಟಿಯನ್ನು ಊರಿಗೆ ಒಯ್ಯುವುದು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ವರ್ಷಕ್ಕೊಮ್ಮೆ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ, ಹೇಳಿದವರ ಹತ್ತಿರವೇ ಒಯ್ದು ಓದಿ ಹೇಳಿ. ಹೋದ ಎಳ್ಳಮಾವಾಸ್ಯೆಗೆ ನಾನು ಹಾಗೆ ಓದುತ್ತಿದ್ದೆ. ಅದರಲ್ಲಿ ಬೇರೆ ಯಾರೋ ಹೇಳಿದ ಒಂದು ಸಾಲಿತ್ತು, ಒಂದು ವರ್ಷದ ಜನವರಿಯಲ್ಲಿ 300 ಹಕ್ಕಿ. ಕೇಳುತ್ತಾ ಕೂತಿದ್ದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರು. "ಅದು ತಪ್ಪದ ತಮ್ಮಾ. ಆ ವರ್ಷ ಕೆರಿ ಪೂರಾ ಒಣಗಿತ್ತು. ನಾವು ಕೆರಿ ಒಳಗ ಜ್ವಾಳ ಹಾಕಿದ್ವಿ."

ಆ ಸಾಲನ್ನು ನಾನು ಅಳಿಸಲಿಲ್ಲ. ಪಟ್ಟಿಗೆ "ಆಕ್ಷೇಪ" ಎಂದು ಇನ್ನೊಂದು ಖಾನೆ ಸೇರಿಸಿ, ಅಜ್ಜಿಯ ಮಾತನ್ನು ಅವರ ಮಾತಿನಲ್ಲೇ ಬರೆದೆ. ಆ ವರ್ಷದ ಮಳೆ ಲೆಕ್ಕ ತಾಲೂಕು ಕಚೇರಿಯಲ್ಲಿ ಹುಡುಕುವುದು ಮುಂದಿನ ಕೆಲಸ.